ಒಬ್ಬೊಬ್ಬರಿಗೊಂದು ಬಟ್ಟಲು

ಕನ್ನಡ ನಾಡಿನ ಸಿಹಿ ಅಡಿಗೆಗೆ ಒಂದು ಸ್ವಭಾವವುಂಟು: ಅದು ಒಂದೇ ಪಾತ್ರೆಯಲ್ಲಿ ಹುಟ್ಟಿ ಹಲವು ಎಲೆಗಳಿಗೆ ಹಂಚಿಹೋಗುತ್ತದೆ. ಪಾಯಸದ ಕೊಳಗ ಒಂದೇ, ಸೌಟು ಒಂದೇ. ಯಾರಿಗೆ ಎಷ್ಟು ಎಂಬುದು ಬಡಿಸುವ ಕೈಯ ಧರ್ಮಕ್ಕೆ ಬಿಟ್ಟ ವಿಷಯ. ದ್ರಾಕ್ಷಿ ಗೋಡಂಬಿಗಳೆಲ್ಲ ಒಬ್ಬನ ದೊನ್ನೆಗೇ ಬಿದ್ದು, ಪಕ್ಕದವನು ಬರಿಯ ಹಾಲನ್ನು ಕುಡಿದು ಏಳುವ ಅನ್ಯಾಯ ಯಾವ ಪಂಕ್ತಿಯಲ್ಲಿ ನಡೆದಿಲ್ಲ? ಆದರೆ ಆ ವ್ಯವಸ್ಥೆಯಲ್ಲಿ ಒಂದು ಔದಾರ್ಯವೂ ಇದೆ. ಊಟದ ಹೊತ್ತಿಗೆ ಸರಿಯಾಗಿ ಇಬ್ಬರು ನೆಂಟರು ಬಂದಿಳಿದರೂ ಗೃಹಿಣಿ ಗಾಬರಿಗೊಳ್ಳುವುದಿಲ್ಲ. ಒಂದು ಚೊಂಬು ಹಾಲು, ಒಂದು ಹಿಡಿ ಸಕ್ಕರೆ ಸೇರಿದರೆ ಪಾಯಸ ತಾನಾಗಿ ಬೆಳೆಯುತ್ತದೆ.

ಇಂಥ ಅಡಿಗೆಮನೆಗೆ ಈಚೆಗೆ ಇನ್ನೊಂದು ಬಗೆಯ ಸಿಹಿ ಬಂದು ಸೇರಿದೆ. ಅದು ಹುಟ್ಟುವಾಗಲೇ ಪಾಲಾಗಿ ಹುಟ್ಟುತ್ತದೆ. ಅಂಗೈಯಗಲದ ಪಿಂಗಾಣಿ ಬಟ್ಟಲುಗಳು. ಪ್ರತಿಯೊಂದರ ತಳದಲ್ಲಿಯೂ ಚಾಕೊಲೇಟಿನ ಗಟ್ಟಿಯಾದ ಕೆನೆಪಾಕ. ಅದರ ಮೇಲೆ ಮೊಟ್ಟೆಯ ಬಿಳಿಯನ್ನೂ ಸಕ್ಕರೆಯನ್ನೂ ಕಡೆದು ತೆಗೆದ ನೊರೆಯ ಶಿಖರ. ಬಟ್ಟಲುಗಳನ್ನು ಓವನ್ನಿನಲ್ಲಿಟ್ಟು ಹೊರತೆಗೆದಾಗ ಶಿಖರದ ತುದಿಗಳೆಲ್ಲ ತುಸು ಕಂದಿ ಹೊಂಬಣ್ಣಕ್ಕೆ ತಿರುಗಿರುತ್ತವೆ. ಆ ನೊರೆಗೆ ಮೆರಾಂಗ್ ಎಂದು ಹೆಸರು. ಆರು ಜನಕ್ಕೆ ಆರು ಬಟ್ಟಲು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಏಳನೆಯವನು ಬಂದರೆ ಮಾತ್ರ ಮನೆಯೊಡತಿಗೆ ತಲೆ ತಗ್ಗಿಸದೆ ವಿಧಿಯಿಲ್ಲ. ಚೊಂಬು ಹಾಲು ಇಲ್ಲಿ ಕೆಲಸಕ್ಕೆ ಬಾರದು.

ಈ ತಿನಿಸಿನ ಎರಡು ಅಂಗಗಳೂ ಬೇರೆ ಬೇರೆ ದಿಕ್ಕಿನಿಂದ ಬಂದವು. ಮೆರಾಂಗ್ ಯೂರೋಪಿನ ಕೂಸು. ಸ್ವಿಟ್ಸರ್ಲೆಂಡಿನ ಮೈರಿಂಗನ್ ಎಂಬ ಊರಿನವರು ಅದು ತಮ್ಮಲ್ಲೇ ಹುಟ್ಟಿತೆಂದೂ, ಊರ ಹೆಸರೇ ತಿನಿಸಿಗೆ ಬಂತೆಂದೂ ಹೇಳಿಕೊಳ್ಳುತ್ತಾರೆ. ಇದಕ್ಕೆ ಕಥೆಯ ಬಲವಿದೆಯೇ ಹೊರತು ದಾಖಲೆಯ ಬಲವಿಲ್ಲ. 1604ರ ತಾರೀಕಿರುವ, ಇಂಗ್ಲೆಂಡಿನ ಎಲಿನರ್ ಫೆಟಿಪ್ಲೇಸ್ ಎಂಬಾಕೆಯ ಕೈಬರಹದ ಪಾಕಪುಸ್ತಕದಲ್ಲಿ ಇದನ್ನೇ ಹೋಲುವ ಬಿಳಿಯ ಬಿಸ್ಕತ್ತೊಂದರ ವಿಧಾನವಿದೆ. ಮೆರಾಂಗ್ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1692ರಲ್ಲಿ, ಫ್ರಾನ್ಸಿನ ಪಾಕಪ್ರವೀಣ ಫ್ರಾಂಸ್ವಾ ಮಾಸಿಯಾಲೊನ ಗ್ರಂಥದಲ್ಲಿ. ನರ್ತಕಿ ಆನಾ ಪಾವ್ಲೊವಾ 1926ರಲ್ಲಿ ಆಸ್ಟ್ರೇಲಿಯ ನ್ಯೂಜಿಲೆಂಡುಗಳಿಗೆ ಹೋಗಿಬಂದ ಬಳಿಕ ಅವಳ ಹೆಸರನ್ನೇ ಹೊತ್ತ ಮೆರಾಂಗಿನ ಕೇಕೊಂದು ಪ್ರಸಿದ್ಧಿಗೆ ಬಂತು. ಅದು ಯಾರದೆಂಬ ವ್ಯಾಜ್ಯ ಆ ಎರಡು ದೇಶಗಳ ನಡುವೆ ಇನ್ನೂ ಮುಗಿದಿಲ್ಲ. ದಕ್ಷಿಣ ಭಾರತಕ್ಕೂ ಈ ನೊರೆ ಹೊಸದೇನಲ್ಲ. ತಮಿಳುನಾಡಿನ ರೇವುಪಟ್ಟಣ ತೂತುಕುಡಿಯ ಮ್ಯಾಕರೂನ್ ಎಂದರೆ ಮೊಟ್ಟೆಯ ಬಿಳಿ, ಸಕ್ಕರೆ, ಗೋಡಂಬಿಯ ಪುಡಿ ಸೇರಿದ ಮೆರಾಂಗೇ.

ಚಾಕೊಲೇಟಿನ ಕಥೆ ಇನ್ನೂ ಉದ್ದ. ಮಧ್ಯ ಅಮೆರಿಕದ ಜನ ಅದನ್ನು ಪಾನೀಯವಾಗಿ ಸೇವಿಸುತ್ತಿದ್ದರು. ಲಿನೇಯಸ್ 1753ರಲ್ಲಿ ಆ ಮರಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದಾಗ ‘ದೇವತೆಗಳ ಆಹಾರ’ ಎಂಬ ಅರ್ಥದ ಗ್ರೀಕ್ ಹೆಸರನ್ನೇ ಕೊಟ್ಟ. ಕೋಕೋ ಬೀಜದಿಂದ ಬೆಣ್ಣೆಯನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಾಲೆಂಡಿನ ವಾನ್ ಹೌಟನ್ ಮನೆತನ 1828ರಲ್ಲಿ ಹಕ್ಕುಪತ್ರ ಪಡೆಯಿತು. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪೆನಿ ಕಚ್ಚಿ ತಿನ್ನುವ ಬಿಲ್ಲೆಯನ್ನು ಮಾರುಕಟ್ಟೆಗೆ ತಂದಿತು. ದಕ್ಷಿಣ ಕನ್ನಡದ ಓದುಗರಿಗಂತೂ ಇದು ಪರದೇಶದ ವಸ್ತುವೇ ಅಲ್ಲ. ಅಲ್ಲಿನ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಗಿಡ ಬೆಳೆಯುತ್ತದೆ. ಹಣ್ಣು ಕೊಂಬೆಯ ತುದಿಗಲ್ಲದೆ ಕಾಂಡಕ್ಕೇ ಅಂಟಿಕೊಂಡು ತೂಗುತ್ತದೆ. ಅದನ್ನು ಒಡೆದು ಬೀಜದ ಸುತ್ತಣ ಬಿಳಿಯ ತಿರುಳನ್ನು ಚೀಪುವ ಮಕ್ಕಳಿಗೂ ಅಳಿಲುಗಳಿಗೂ ನಿತ್ಯ ಸ್ಪರ್ಧೆ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಮಂಗಳೂರಿನಲ್ಲಿ ಸ್ಥಾಪನೆಯಾದದ್ದು 1973ರಲ್ಲಿ. ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾದದ್ದು 1986ರಲ್ಲಿ. ಹಣ್ಣಿನೊಳಗಿನ ಬೀಜವನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದು, ಅರೆದ ಮೇಲಲ್ಲದೆ ಅದಕ್ಕೆ ಚಾಕೊಲೇಟಿನ ಪರಿಮಳ ಬಾರದು. ಹಸಿಯ ಬೀಜವನ್ನು ಕಚ್ಚಿ ಮುಖ ಸಿಂಡರಿಸಿಕೊಂಡವರಿಗೆ ಈ ಮಾತು ಹೇಳಬೇಕಾಗಿಯೇ ಇಲ್ಲ.

ಬಟ್ಟಲಿನ ಸಿಹಿಯಲ್ಲಿ ಮೊದಲು ಮೆಚ್ಚತಕ್ಕದ್ದು ಅದರ ಮಿತವ್ಯಯ. ಮೂರು ಮೊಟ್ಟೆಗಳಿದ್ದರೆ ಮೂರರ ಹಳದಿ ತಳದ ಪಾಕಕ್ಕೆ, ಮೂರರ ಬಿಳಿ ಮೇಲಿನ ನೊರೆಗೆ. ಚಿಪ್ಪಿನ ಹೊರತು ಎಸೆಯುವಂಥದು ಏನೂ ಉಳಿಯುವುದಿಲ್ಲ. ಹಳದಿಯನ್ನಷ್ಟೇ ಬೇಡುವ ಅಡಿಗೆಗಳೂ ಬಿಳಿಯನ್ನಷ್ಟೇ ಬೇಡುವ ಅಡಿಗೆಗಳೂ ಉಳಿದರ್ಧವನ್ನು ಗೃಹಿಣಿಯ ಮನಸ್ಸಾಕ್ಷಿಯ ಮೇಲೆ ಹೊರಿಸಿ ಹೋಗುತ್ತವೆ. ಇಲ್ಲಿ ಒಡೆದು ಬೇರೆಯಾದದ್ದು ಒಂದೇ ಬಟ್ಟಲಿನಲ್ಲಿ ಮತ್ತೆ ಕೂಡುತ್ತದೆ.

ಆರು ಬಟ್ಟಲಿನ ಲೆಕ್ಕ ಹೀಗೆ: ಹಾಲು 400 ಮಿಲಿಲೀಟರು, ಕಪ್ಪು ಚಾಕೊಲೇಟು 120 ಗ್ರಾಮು, ಸಕ್ಕರೆ 40 ಗ್ರಾಮು, ಕಾರ್ನ್‌ಫ್ಲೋರ್ 20 ಗ್ರಾಮು, ಮೂರು ಹಳದಿ. ಹಳದಿಯನ್ನೂ ಸಕ್ಕರೆಯನ್ನೂ ಕಾರ್ನ್‌ಫ್ಲೋರನ್ನೂ ತುಸು ತಣ್ಣನೆಯ ಹಾಲಿನಲ್ಲಿ ಕದಡಿಕೊಂಡು, ಉಳಿದ ಹಾಲನ್ನು ಬಿಸಿಮಾಡಿ ಸ್ವಲ್ಪಸ್ವಲ್ಪವಾಗಿ ಅದಕ್ಕೆ ಸುರಿದು, ಎಲ್ಲವನ್ನೂ ಮತ್ತೆ ಒಲೆಗೇರಿಸಿ ಕೈಬಿಡದೆ ಕಲಕಬೇಕು. ಗಟ್ಟಿಯಾಯಿತೆಂದು ಅವಸರದಿಂದ ಇಳಿಸುವವರೇ ಹೆಚ್ಚು. ಮೊಟ್ಟೆಯ ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಒಂದು ಕಿಣ್ವವಿದೆ. ಪಾಕ ಒಂದು ನಿಮಿಷವಾದರೂ ಕುದಿಯದಿದ್ದರೆ ಆ ಕಿಣ್ವ ಜೀವಂತವಾಗಿಯೇ ಉಳಿದು, ಸಂಜೆ ಗಟ್ಟಿಯಾಗಿದ್ದುದನ್ನು ಬೆಳಗಿನ ಹೊತ್ತಿಗೆ ನೀರು ಮಾಡಿಬಿಡುತ್ತದೆ. ಬರಿಯ ಮೊಟ್ಟೆಯ ಪಾಕವನ್ನು ಕುದಿಸಿದರೆ ಅದು ಒಡೆದುಹೋಗುವುದು ನಿಜ. ಆದರೆ ಕಾರ್ನ್‌ಫ್ಲೋರ್ ಜತೆಗಿರುವಾಗ ಆ ಭಯವಿಲ್ಲ. ಇಳಿಸಿದ ಕೂಡಲೇ ಚಾಕೊಲೇಟಿನ ಚೂರುಗಳನ್ನು ಹಾಕಿ ಕಲಕಿದರೆ ಪಾಕದ ಬಿಸಿಗೇ ಅವು ಕರಗುತ್ತವೆ.

ಚಾಕೊಲೇಟನ್ನು ಬೇರೆಯಾಗಿಯೇ ಕರಗಿಸುವ ಸಂದರ್ಭ ಬಂದರೆ ಅದರ ಒಂದು ಮುಂಗೋಪವನ್ನು ತಿಳಿದಿರಬೇಕು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ, ಎಂದರೆ ಮನುಷ್ಯನ ಮೈಬಿಸಿಗಿಂತ ತುಸು ಕೆಳಗೇ, ಕರಗುತ್ತದೆ. ನಾಲಗೆಯ ಮೇಲಿಟ್ಟರೆ ಅದು ಹಾಗೆ ಜಾರುವುದಕ್ಕೂ, ಕರಾವಳಿಯ ಬೇಸಗೆಯಲ್ಲಿ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಮುದ್ದೆಯಾಗುವುದಕ್ಕೂ ಇದೇ ಕಾರಣ. ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಕರಗಿಸುವಾಗ ಹಬೆಯ ನಾಲ್ಕು ಹನಿ ಬಿದ್ದರೆ ಸಾಕು, ನುಣುಪಾಗಿ ಹರಿಯುತ್ತಿದ್ದುದು ಕ್ಷಣದಲ್ಲಿ ಮರಳುಮರಳಾದ ಮಣ್ಣಿನ ಹೆಂಟೆಯಾಗುತ್ತದೆ. ಸಕ್ಕರೆಯ ಸೂಕ್ಷ್ಮಕಣಗಳು ಆ ಹನಿಯಿಂದ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುವುದೇ ಅದಕ್ಕೆ ಕಾರಣ. ವಿಚಿತ್ರವೆಂದರೆ, ಹನಿ ನೀರಿಗೆ ಮುನಿಯುವ ಚಾಕೊಲೇಟು ಬೇಕಾದಷ್ಟು ಬಿಸಿಹಾಲು ಸಿಕ್ಕಿದರೆ ಮತ್ತೆ ನುಣುಪಾಗಿ ಒಪ್ಪಿಕೊಳ್ಳುತ್ತದೆ. ಅರೆಮನಸ್ಸಿನ ಉಪಚಾರ ಅದಕ್ಕಾಗದು.

ಇನ್ನು ಬಿಳಿಯ ಕೆಲಸ. ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ನೀರು. ಉಳಿದುದರಲ್ಲಿ ಬಹುಪಾಲು ಪ್ರೋಟೀನು. ಕಡೆಗೋಲಿನಂಥ ತಂತಿಯ ಬೀಟರಿನಿಂದ ಬಡಿದಾಗ ಸುರುಳಿಸುತ್ತಿದ ಆ ಪ್ರೋಟೀನುಗಳು ಬಿಚ್ಚಿಕೊಂಡು, ಒಂದರ ಕೈ ಒಂದು ಹಿಡಿದು, ಗಾಳಿಯ ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಹೀಗೆ ಬಿಳಿ ತನ್ನ ಗಾತ್ರದ ಎಂಟು ಪಟ್ಟಿನವರೆಗೂ ಉಬ್ಬಬಲ್ಲುದು. ಆದರೆ ಜಿಡ್ಡೆಂದರೆ ಅದಕ್ಕೆ ಹಗೆ. ಪಾತ್ರೆಗೆ ಅಂಟಿದ ಎಣ್ಣೆಯ ಪಸೆಯಾಗಲಿ, ಒಡೆಯುವಾಗ ಜಾರಿದ ಹಳದಿಯ ಒಂದು ಹನಿಯಾಗಲಿ ನೊರೆ ನಿಲ್ಲದಂತೆ ಮಾಡಬಲ್ಲದು. ಆದುದರಿಂದಲೇ ತಿಳಿದವರು ಒಂದೊಂದು ಮೊಟ್ಟೆಯನ್ನೂ ಮೊದಲು ಬೇರೆ ಲೋಟದ ಮೇಲೆ ಒಡೆದು, ನಿರ್ಮಲವಾಗಿದ್ದರೆ ಮಾತ್ರ ದೊಡ್ಡ ಪಾತ್ರೆಗೆ ಸೇರಿಸುತ್ತಾರೆ. ಜಿಡ್ಡಿನ ನೆನಪನ್ನು ಬಿಡದ ಪ್ಲಾಸ್ಟಿಕ್ ಪಾತ್ರೆಗಿಂತ ಗಾಜು, ಸ್ಟೀಲು ವಾಸಿ. ಫ್ರಾನ್ಸಿನ ಪಾಕಶಾಲೆಗಳಲ್ಲಿ ತಾಮ್ರದ ಪಾತ್ರೆಗೆ ಬಹುಕಾಲದಿಂದ ಮಾನ್ಯತೆಯಿದೆ. ತಾಮ್ರದ ಅಣುಗಳು ಬಿಳಿಯ ಒಂದು ಪ್ರೋಟೀನನ್ನು ಬಿಗಿಹಿಡಿದು ನೊರೆಯನ್ನು ಕಾಪಾಡುತ್ತವೆಂಬುದನ್ನು ಹ್ಯಾರಲ್ಡ್ ಮೆಕ್‌ಗೀ ಮೊದಲಾದವರು 1984ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ತಾಮ್ರವಿಲ್ಲದ ಮನೆಯಲ್ಲಿ ಅರ್ಧ ಚಮಚ ನಿಂಬೆರಸ ಆ ಕೆಲಸವನ್ನು ಬೇರೆ ದಾರಿಯಿಂದ ಮಾಡಿಕೊಡುತ್ತದೆ.

ಸಕ್ಕರೆಯನ್ನು ಸೇರಿಸುವ ಹೊತ್ತನ್ನು ಅರಿಯುವುದೇ ಇಲ್ಲಿಯ ವಿದ್ಯೆ. ಮೂರು ಬಿಳಿಗೆ 150 ಗ್ರಾಮು ನುಣ್ಣನೆಯ ಸಕ್ಕರೆ ಬೇಕು. ಆರಂಭದಲ್ಲೇ ಸುರಿದರೆ ನೊರೆ ಏಳಲು ಹೆಣಗುತ್ತದೆ. ತೀರ ಕೊನೆಯಲ್ಲಿ ಹಾಕಿದರೆ ಅಷ್ಟರಲ್ಲಿ ಪ್ರೋಟೀನಿನ ಗೋಡೆ ಒಣಗಿ ಬಿರುಕುಬಿಟ್ಟಿರುತ್ತದೆ. ನೊರೆ ಮೆತ್ತಗೆ ತಲೆಬಾಗುವಷ್ಟು ಎದ್ದಾಗ ಒಂದೊಂದೇ ಚಮಚ ಉದುರಿಸುತ್ತ ಕಡೆಯಬೇಕು. ಬೆರಳುಗಳ ನಡುವೆ ತಿಕ್ಕಿನೋಡಿದರೆ ಹರಳು ಸಿಗಬಾರದು. ಬೀಟರನ್ನು ಎತ್ತಿಹಿಡಿದರೆ ತುದಿ ನೆಟ್ಟಗೆ ನಿಲ್ಲಬೇಕು. ಮೈಯಲ್ಲಿ ರೇಷ್ಮೆಯ ಹೊಳಪಿರಬೇಕು. ಇನ್ನೂ ಬಿಳುಪಾಗಲೆಂದು ಆಸೆಪಟ್ಟು ಮತ್ತೆ ಕಡೆದರೆ ನೊರೆ ಹತ್ತಿಯಂತೆ ಮುರುಟಿ ನೀರು ಬಿಡುತ್ತದೆ. ಬೆಣ್ಣೆ ಬಂದ ಮೇಲೂ ಮಜ್ಜಿಗೆ ಕಡೆಯುವವರಿಗೆ ನಮ್ಮ ಹಿರಿಯರು ಹೇಳುತ್ತಿದ್ದ ಬುದ್ಧಿ ಇಲ್ಲಿಗೂ ಸಲ್ಲುತ್ತದೆ.

ಶಿಖರವನ್ನಿಡುವಾಗ ತಳದ ಪಾಕ ಬಿಸಿಯಾಗಿಯೇ ಇರತಕ್ಕದ್ದು. ಆಗ ನೊರೆಯ ಅಡಿ ಪಾಕದ ಕಾವಿಗೂ, ತಲೆ ಓವನ್ನಿನ ಕಾವಿಗೂ ಬೇಯುತ್ತದೆ. ತಣ್ಣಗಾದುದರ ಮೇಲಿಟ್ಟರೆ ಅಡಿ ಹಸಿಯಾಗಿ ಉಳಿದು, ಎರಡರ ನಡುವೆ ಕಣ್ಣೀರಿನಂಥ ತೆಳುನೀರು ನಿಲ್ಲುತ್ತದೆ. ಅತಿಯಾಗಿ ಬೇಯಿಸಿದರೂ ದುಃಖವೇ. ಆಗ ಮೈಮೇಲೆ ಕಂದುಬಣ್ಣದ ಬೆವರಹನಿಗಳು ಮೂಡುತ್ತವೆ. ನೊರೆಯನ್ನು ಬಟ್ಟಲಿನ ಅಂಚಿಗೆ ಮುಟ್ಟುವಂತೆ ಹರಡಿದರೆ ಅದು ಅಂಚನ್ನು ಹಿಡಿದು ನಿಲ್ಲುತ್ತದೆ, ಒಳಕ್ಕೆ ಕುಗ್ಗುವುದಿಲ್ಲ. 175 ಡಿಗ್ರಿಯ ಶಾಖದಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಬಟ್ಟಲುಗಳು ಚಿಕ್ಕವಾದ್ದರಿಂದ ಕಾವು ಬೇಗನೆ, ಸಮನಾಗಿ ಒಳಹೊಗುತ್ತದೆ; ದೊಡ್ಡ ತಟ್ಟೆಯಲ್ಲಿ ಅಂಚು ಸೀದು ನಡು ಹಸಿಯಾಗುವ ಕಷ್ಟ ಇಲ್ಲಿಲ್ಲ.

ಮಳೆಗಾಲದ್ದು ಮಾತ್ರ ಬೇರೆಯೇ ಪ್ರಕರಣ. ಸಕ್ಕರೆ ಗಾಳಿಯ ತೇವವನ್ನು ಹೀರುವ ವಸ್ತು. ಹಪ್ಪಳ ಮೆತ್ತಗಾಗುವ, ಬೆಂಕಿಕಡ್ಡಿ ಹತ್ತದಿರುವ ಆಷಾಢದ ಕರಾವಳಿಯಲ್ಲಿ ಗರಿಗರಿಯಾದ ಮೆರಾಂಗ್ ಅರ್ಧ ಗಂಟೆಯಲ್ಲಿ ಕೈಗಂಟುವ ಅಂಟಾಗುತ್ತದೆ. ಅದರ ಮೇಲೆ ನೊರೆ ಎದ್ದುನಿಂತ ಗಳಿಗೆಗೇ ವಿದ್ಯುತ್ತು ಹೋಗುವುದೂ ಅಪರೂಪವಲ್ಲ. ಕಡೆದ ಬಿಳಿ ಯಾರಿಗಾಗಿಯೂ ಕಾಯುವುದಿಲ್ಲ. ಓವನ್ ತಣ್ಣಗಾಗುತ್ತಿದ್ದಂತೆ ಶಿಖರಗಳು ಒಂದೊಂದಾಗಿ ಕುಸಿಯುತ್ತವೆ.

ಪುತ್ತೂರಿನ ಆಸುಪಾಸಿನ ಒಂದು ಮನೆಯಲ್ಲಿ ಈ ಬಟ್ಟಲುಗಳಿಗೆ ಮಳೆಗಿಂತಲೂ ಗಡುಸಾದ ಒಂದು ಅಡ್ಡಿ ಎದುರಾಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಮದುವೆಯಾದ ಮೇಲೆ ಊರಿಗೆ ಬಂದ ಸೊಸೆ, ಓವನ್ನನ್ನು ಹಿಂದಿನ ಜಗಲಿಯಲ್ಲಿ ಇಟ್ಟುಕೊಂಡಿದ್ದಳು. ಮನೆಯ ಗಂಡಸರೂ ಮಕ್ಕಳೂ ಮೊಟ್ಟೆ ತಿನ್ನುವವರು. ಅತ್ತೆಯವರು ಮಾತ್ರ ಮುಟ್ಟದವರು. ಒಳಗಿನ ಅಡಿಗೆಮನೆ ಅವರದು, ಜಗಲಿ ಇವಳದು, ಜಗಳವಿಲ್ಲದ ಗಡಿ. ಭಾನುವಾರ ಸಂಜೆ ಬಟ್ಟಲುಗಳು ಹೊರಬಂದಾಗ ಅತ್ತೆ ತಾವಾಗಿಯೇ ಎದ್ದು ದೇವರ ದೀಪದ ಕೆಲಸವನ್ನು ಹುಡುಕಿಕೊಳ್ಳುತ್ತಿದ್ದರು. ಎಲ್ಲರೂ ತಿಂದು ಮುಗಿಸುವವರೆಗೆ ಆ ಕೆಲಸ ಮುಗಿಯುತ್ತಿರಲಿಲ್ಲ.

ಒಂದು ದಿನ ಆರು ವರ್ಷದ ಮೊಮ್ಮಗಳು ಬಟ್ಟಲುಗಳನ್ನು ಎಣಿಸಿದಳು. “ಅಮ್ಮ, ಇದು ಅಪ್ಪನಿಗೆ, ಇದು ಅಜ್ಜನಿಗೆ, ಇದು ಅಣ್ಣನಿಗೆ. ಅಜ್ಜಿಯದು ಯಾವುದು?” ಎಂದು ಕೇಳಿದಳು. ಸೌಟಿನಿಂದ ಬಡಿಸುವ ಸಿಹಿಯಾಗಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಒಬ್ಬೊಬ್ಬರಿಗೊಂದು ಎಂಬ ಲೆಕ್ಕವೇ ಯಾರಿಗಿಲ್ಲ ಎಂಬುದನ್ನು ಎತ್ತಿ ತೋರಿಸಿತ್ತು.

ಮೊಟ್ಟೆಯಿಲ್ಲದೆ ಮೆರಾಂಗ್ ಆಗುವುದೇ? ಹಿಂದೆ ಈ ಪ್ರಶ್ನೆಗೆ ಸುಲಭದ ಉತ್ತರವಿರಲಿಲ್ಲ. ಫ್ರಾನ್ಸಿನ ಗಾಯಕ ಜೋಯೆಲ್ ರೋಸೆಲ್ 2014ರಲ್ಲಿ ಕಾಳು ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆಯೇ ನೊರೆಗಟ್ಟುತ್ತದೆಂಬುದನ್ನು ತೋರಿಸಿಕೊಟ್ಟ. ಮರುವರ್ಷ ಅಮೆರಿಕದ ಎಂಜಿನಿಯರ್ ಗೂಸ್ ವೋಲ್ಟ್ ಎಂಬಾತ ಕಾಬೂಲಿ ಕಡಲೆಯ ನೀರೂ ಸಕ್ಕರೆಯೂ ಇದ್ದರೆ ಮೆರಾಂಗ್ ಸಿದ್ಧವಾಗುತ್ತದೆಂದು ಕಂಡು, ಆ ನೀರಿಗೆ ಅಕ್ವಾಫಾಬಾ ಎಂದು ಹೆಸರಿಟ್ಟ. ಕಾಳಿನಿಂದ ನೀರಿಗಿಳಿದ ಪ್ರೋಟೀನೂ, ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಜಾತಿಯ ವಸ್ತುವೂ ಸೇರಿ ಈ ಕೆಲಸ ನಡೆಯುತ್ತದೆ. ಕಟ್ಟಿನ ಸಾರಿಗೆ ಬೇಳೆಯ ನೀರನ್ನು ಬಸಿದಿಡುವ ನಾಡಿನಲ್ಲಿ ಕಾಳು ಬೆಂದ ನೀರಿನ ಬೆಲೆಯನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅದು ಕಡೆದರೆ ಹಿಮದಂತೆ ಏಳುತ್ತದೆಂಬುದೊಂದೇ ಹೊಸ ಸುದ್ದಿ.

ಸೊಸೆ ಕಡಲೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಉಪ್ಪಿಲ್ಲದೆ ಬೇಯಿಸಿ, ಬಸಿದ ನೀರನ್ನು ಮೊಟ್ಟೆಯ ಬಿಳಿಯಷ್ಟು ಮಂದವಾಗುವವರೆಗೆ ಬತ್ತಿಸಿ ಆರಿಸಿದಳು. ಕಾಲು ಗಂಟೆ ಕಡೆದಾಗ ನೊರೆ ಮೊಟ್ಟೆಯದನ್ನು ನಾಚಿಸುವಂತೆ ನಿಂತಿತು. ಬಿಸಿಯ ಪಾಕದ ಮೇಲಿಟ್ಟು ಓವನ್ನಿಗೆ ತಳ್ಳಿದಳು. ಹತ್ತು ನಿಮಿಷದಲ್ಲಿ ಶಿಖರವೆಲ್ಲ ಕರಗಿ ಪಾಕದಲ್ಲಿ ಲೀನವಾಯಿತು. ಮೊಟ್ಟೆಯ ಪ್ರೋಟೀನು ಕಾವಿಗೆ ಗಟ್ಟಿಕಟ್ಟುತ್ತದೆ. ಕಡಲೆಯ ನೀರಿಗೆ ಆ ಶಕ್ತಿ ಇಲ್ಲ. ಅದನ್ನು ನಿಲ್ಲಿಸುವುದು ಒಣಗಿಸಿದ ಸಕ್ಕರೆಯ ಬಲವೇ. ಇದನ್ನರಿತ ಮೇಲೆ ಅವಳು ದಾರಿ ಬದಲಿಸಿದಳು. ನೊರೆಯನ್ನು ಚಿಕ್ಕ ಚಿಕ್ಕ ಗೋಪುರಗಳಾಗಿ ಕಾಗದದ ಮೇಲಿಟ್ಟು 100 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಓವನ್ನಿನಲ್ಲೇ ಆರಲು ಬಿಟ್ಟು, ಬಿಗಿಮುಚ್ಚಳದ ಡಬ್ಬಿಗೆ ಹಾಕಿದಳು. ತಳದ ಪಾಕಕ್ಕೆ ಹಳದಿಯ ಬದಲು ಇನ್ನಷ್ಟು ಕಾರ್ನ್‌ಫ್ಲೋರ್ ಸೇರಿತು. ಗೋಪುರವನ್ನು ಪಾಕ ತಣಿದ ಮೇಲೆ, ತಿನ್ನುವ ಗಳಿಗೆಯಲ್ಲಿ, ಮೇಲಿಟ್ಟರಾಯಿತು.

ಆದರೆ ವಿಜ್ಞಾನ ಒಪ್ಪಿದರೂ ಅತ್ತೆ ಒಪ್ಪಬೇಕಲ್ಲ! ಹಿಂದೊಮ್ಮೆ ಒಂದು ಸಮಾರಂಭದಲ್ಲಿ ಯಾರೋ “ಇದರಲ್ಲಿ ಮೊಟ್ಟೆಯಿಲ್ಲ, ತಿನ್ನಿ” ಎಂದು ಕೇಕಿನ ತುಂಡೊಂದನ್ನು ಅವರ ಕೈಗಿತ್ತಿದ್ದರು. ತಿಂದಾದ ಮೇಲೆ ಇತ್ತೆಂದು ತಿಳಿಯಿತು. ಅಂದಿನ ಅಸ್ವಾಸ್ಥ್ಯ ಹೊಟ್ಟೆಯದಲ್ಲ. ನಗುತ್ತ ಹೇಳಿದ ಸುಳ್ಳಿನದು. ಅಂದಿನಿಂದ ಪರರ ಕೈಯ ಯಾವ ಬೇಯಿಸಿದ ಸಿಹಿಯನ್ನೂ ಅವರು ನಂಬಿರಲಿಲ್ಲ. ಸೊಸೆಗೆ ಇದು ಗೊತ್ತಿತ್ತು. ಅವಳು ಅತ್ತೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳು: ಯಾವ ಪಾತ್ರೆ, ಯಾವ ಚಮಚ, ಯಾವ ನೀರು. ಕೊನೆಗೆ, “ಅತ್ತೆ, ಓವನ್ ಮಾತ್ರ ಅದೇ. ತೊಳೆದು ಒರೆಸಿದ್ದೇನೆ, ನಿಮ್ಮದನ್ನು ಮೊದಲು ಇಟ್ಟು ತೆಗೆದು, ಆಮೇಲೆ ಉಳಿದವನ್ನು ಇಟ್ಟೆ. ಆದರೆ ಹಿಂದೆ ಅದರಲ್ಲಿ ಮೊಟ್ಟೆಯದು ಬೆಂದಿದೆ. ಬೇಡವೆನಿಸಿದರೆ ಬೇಡ” ಎಂದಳು.

ಅತ್ತೆ ಬಹಳ ಹೊತ್ತು ಬಟ್ಟಲನ್ನೇ ನೋಡಿದರು. “ಓವನ್ನಿನ ಮಾತು ನೀನು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ” ಎಂದರು. ಆಮೇಲೆ, “ಹೇಳಿದೆಯಲ್ಲ, ಸಾಕು. ಕೊಡು” ಎಂದು ಕೈ ಚಾಚಿದರು. ಗೋಪುರವನ್ನು ಮುರಿದು ಮೊದಲ ಚೂರನ್ನು ಮೊಮ್ಮಗಳ ಬಾಯಿಗಿಟ್ಟು, ಎರಡನೆಯದನ್ನು ತಾವು ತಿಂದರು. “ಸಿಹಿ ಸ್ವಲ್ಪ ಹೆಚ್ಚಾಯಿತು” ಎಂಬ ಒಂದು ಆಕ್ಷೇಪಣೆಯನ್ನೂ ಬಿಡದೆ ದಾಖಲೆ ಮಾಡಿದರು. ಅತ್ತೆಯಾದವರು ಅಷ್ಟನ್ನೂ ಹೇಳದಿದ್ದರೆ ಆ ಸ್ಥಾನಕ್ಕೆ ಗೌರವವೆಲ್ಲಿ?

ಮನೆಯಲ್ಲಿ ಬೇಯಿಸಿದ ಸಿಹಿಗೂ ಅಂಗಡಿಯಿಂದ ಕೊಂಡ ಸಿಹಿಗೂ ರುಚಿಯಲ್ಲಿ ಅಂಥ ಅಂತರವಿರಬೇಕೆಂದೇನಿಲ್ಲ. ಒಳ್ಳೆಯ ಬೇಕರಿಯವನ ಮೆರಾಂಗ್ ಮನೆಯದಕ್ಕಿಂತ ನೆಟ್ಟಗೆ ನಿಂತೀತು. ಆದರೆ ಅಂಗಡಿಯವನು ಮಾಡುವುದು ಬಂದವರಿಗೆಲ್ಲ ಸಲ್ಲುವ ಒಂದು ಬಟ್ಟಲು. ಮನೆಯಲ್ಲಿ ಮಾಡುವುದು ಇಂಥವರಿಗೆ ಎಂದು ಹೆಸರು ಹಿಡಿದ ಬಟ್ಟಲು. ಒಬ್ಬನಿಗೆ ಸಕ್ಕರೆ ಕಡಿಮೆ, ಒಬ್ಬಳಿಗೆ ಕಹಿ ಚಾಕೊಲೇಟು, ಒಬ್ಬರಿಗೆ ಮೊಟ್ಟೆಯಿಲ್ಲದ್ದು. ಕೊಳಗದ ಪಾಯಸ ಎಲ್ಲರನ್ನೂ ಒಂದೇ ಎಂದು ಕಂಡು ಗೌರವಿಸಿದರೆ, ಈ ಬಟ್ಟಲು ಪ್ರತಿಯೊಬ್ಬರನ್ನೂ ಬೇರೆಯೆಂದು ಕಂಡು ಗೌರವಿಸಬಲ್ಲುದು. ಎರಡೂ ಬೇಕಾದ ಸಂಸ್ಕಾರವೇ. ಹಬ್ಬದ ದಿನ ಕೊಳಗ ಒಲೆಗೇರಲಿ. ಬಿಡುವಿನ ಸಂಜೆ ಬಟ್ಟಲುಗಳು ಸಾಲುಗಟ್ಟಲಿ.

ಮಾಡಹೊರಟವರಿಗೆ ಕೊನೆಯದಾಗಿ ಎರಡು ಮಾತು. ಮೆರಾಂಗ್ ಹೊತ್ತ ಬಟ್ಟಲು ಮರುದಿನಕ್ಕೆ ಉಳಿಯುವಂಥದಲ್ಲ. ಅಂದೇ ಮಾಡಿ ಅಂದೇ ಮುಗಿಸತಕ್ಕದ್ದು. ಮತ್ತು ಬಟ್ಟಲುಗಳನ್ನು ಸಾಲಾಗಿ ಇಡುವಾಗ ಮನೆಯಲ್ಲಿರುವ ತಲೆಗಳನ್ನು ಎಣಿಸಿ, ಆ ಲೆಕ್ಕಕ್ಕಿಂತ ಒಂದನ್ನು ಹೆಚ್ಚಾಗಿಯೇ ಇಡುವುದು ಲೇಸು. ನೆಂಟರು ಬರುವ ಮುನ್ನ ಹೇಳಿ ಬರುವ ಪದ್ಧತಿ ನಮ್ಮಲ್ಲಿ ಇನ್ನೂ ಅಷ್ಟಾಗಿ ಬೇರೂರಿಲ್ಲ.